ಅಮ್ಮನ ಜಪಸರದ ಬಾಲ

ಶಿವಮೊಗ್ಗದಲ್ಲಿ ಕೆಲವು ಗೆಳೆಯರು ಸೇರಿ, ತೀರಿಹೋದ ಹಿರಿಯರ ಬಗ್ಗೆ ಮಾತಾಡೋಣ ಅಂತ ಒಂದು ಸಂಜೆ ಸಭೆ ಇಟ್ಟುಕೊಂಡಿದ್ದರು. ಅಲ್ಲಿ ನಾನು ಆಡಿದ ಮಾತು ಇದು. ಬರೆಯುವಾಗ ಒಂದಷ್ಟು ಸೇರಿಸಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಕೊನೆಯಲ್ಲಿ ಹಾಕಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಮ್ಮ ಕ್ರೈಸ್ತರ ಮನೆಗಳಲ್ಲಿ ವಯಸ್ಸಾದ ಹೆಂಗಸು ತೀರಿಕೊಂಡರೆ ಅವರ ಬಗ್ಗೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ದೈವಭಕ್ತೆ. ಭಾನುವಾರದ ಪೂಜೆ ತಪ್ಪಿಸಿದವರಲ್ಲ. ಕೈಯಿಂದ ಜಪಸರ ಬಿಟ್ಟವರಲ್ಲ. ಏಳನೇ ದಿನದ ಪೂಜೆ ಆದಮೇಲೆ ಹಂಚುವ ಫೋಟೋ ಕಾರ್ಡಿನ ಹಿಂದೆ ಇದನ್ನೇ ಅಚ್ಚು ಹಾಕಿಸಿರುತ್ತೇವೆ. ನಮ್ಮ ಅಮ್ಮನ ಕಾರ್ಡಿನಲ್ಲೂ ಅದೇ ಇದೆ. ಅದು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅವಳ ಬದುಕಿನ ಮುಖ್ಯವಾದ ಕೆಲಸವೇ ಬಿಟ್ಟುಹೋಗುತ್ತದೆ. ತೊಂಬತ್ತೈದು ವರ್ಷ ಬದುಕಿದವಳು ದಿನಾ ಯಾರ ಹೆಸರು ಹಿಡಿದು ಪ್ರಾರ್ಥನೆ ಮಾಡಿದಳು, ಆ ಹೆಸರುಗಳು ಎಲ್ಲಿಂದ ಬಂದವು, ಹೆಸರು ಹೇಳಿದ ಮೇಲೆ ಏನು ಮಾಡಿದಳು, ಇದನ್ನು ಯಾರೂ ಕೇಳೋದಿಲ್ಲ. ನಾನು ಇವತ್ತು ಹೇಳೋಕೆ ಬಂದಿರೋದು ಅದನ್ನೇ.

ಅಮ್ಮ ಹುಟ್ಟಿದ್ದು 1928ರಲ್ಲಿ, ಸಾಗರ ತಾಲ್ಲೂಕಿನ ಶರಾವತಿ ಕಣಿವೆಯ ಒಂದು ಹಳ್ಳಿಯಲ್ಲಿ. ಆ ಹಳ್ಳಿ ಈಗ ಇಲ್ಲ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆ. ನಮ್ಮ ಜನ ಈ ಕಡೆ ಬಂದ ಕಥೆ ಹಳೆಯದು. ಗೋವಾ ಬಿಟ್ಟು ಕರಾವಳಿಗೆ ಇಳಿದ ಒಕ್ಕಲು ಮಕ್ಕಳಿಗೆ ಕೆಳದಿ ಅರಸರ ಕಾಲದಲ್ಲಿ ಉಳೋಕೆ ನೆಲ ಸಿಕ್ಕಿತು. ಅಲ್ಲಿಂದ ಘಟ್ಟ ಹತ್ತಿದವರು ಬೇರೆ ಬೇರೆ ಕಾಲದಲ್ಲಿ ಹತ್ತಿದರು, ಕೆಲವರು ಕಾಫಿ ತೋಟಕ್ಕೆ, ಕೆಲವರು ಗದ್ದೆಗೆ, ಕೆಲವರು ಕಲ್ಲು ಮರದ ಕೆಲಸಕ್ಕೆ. ಅಮ್ಮನ ತವರಿನವರದು ಗೇಣಿ ಗದ್ದೆ. ಸ್ವಂತದ್ದು ಅಂತ ಒಂದು ಗುಂಟೆಯೂ ಇರಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿ, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದಾಗ ಅಮ್ಮನಿಗೆ ಆಗಲೇ ಮದುವೆಯಾಗಿತ್ತು. ಆದರೆ ಭತ್ತ ಅಳೆಯುವ ಕೊಳಗ ಯಾರ ಮನೆಯದು, ಎಷ್ಟು ದೊಡ್ಡದು ಅನ್ನುವ ಜಗಳ ಅವಳು ಹುಡುಗಿಯಾಗಿದ್ದಾಗಲೇ ಅಂಗಳದಲ್ಲಿ ನಿಂತು ನೋಡಿದ್ದು.

ಇಗರ್ಜಿ, ಅಂದರೆ ಚರ್ಚು, ದೂರ ಇತ್ತು. ಕತ್ತಲಲ್ಲೇ ಹೊರಟರೆ ಪೂಜೆ ಹೊತ್ತಿಗೆ ಮುಟ್ಟಬಹುದಿತ್ತು. ಆಗಿನ ಕಟ್ಟಳೆ ಇಲ್ಲಿರುವ ಎಳೆಯರಿಗೆ ಗೊತ್ತಿರಲಿಕ್ಕಿಲ್ಲ. ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಳ್ಳುವವರು ನಡುರಾತ್ರಿಯಿಂದ ಬಾಯಿಗೆ ಏನೂ ಹಾಕುವಂತಿರಲಿಲ್ಲ. ನೀರೂ ಇಲ್ಲ. ನೀರು ಕುಡಿಯಬಹುದು ಅಂತ ಆದದ್ದು 1953ರಲ್ಲಿ, ಉಪವಾಸ ಮೂರು ಗಂಟೆಗೆ ಇಳಿದದ್ದು 1957ರಲ್ಲಿ. ಈಗ ಒಂದು ಗಂಟೆ ಬಿಟ್ಟರೆ ಸಾಕು. ಅಮ್ಮ ಮತ್ತು ಅವಳ ಅಕ್ಕ ಜುಲೈ ತಿಂಗಳ ಮಲೆನಾಡಿನ ಮಳೆಯಲ್ಲಿ ಗೊರಬು ಹೊದ್ದು, ಇಂಬಳ, ಅಂದರೆ ಜಿಗಣೆ, ಹತ್ತದ ಹಾಗೆ ಕಾಲಿಗೆ ಹೊಗೆಸೊಪ್ಪು ಸುಣ್ಣ ಉಜ್ಜಿಕೊಂಡು, ಕಾಡುದಾರಿಯಲ್ಲಿ ನಡೆಯುತ್ತಿದ್ದರಂತೆ. "ಮಳೆ ನೀರು ಬಾಯಿಗೆ ಹೋದರೆ ಉಪವಾಸ ಮುರೀತದೆ ಅಂತ ಇಬ್ಬರೂ ತುಟಿ ಬಿಗಿ ಹಿಡಿದುಕೊಂಡು ಹೋಗ್ತಿದ್ವಿ, ಮಾತೇ ಇಲ್ಲ" ಅಂತ ಹೇಳುತ್ತಿದ್ದಳು. ದೇವರಿಗೆ ಅಷ್ಟು ಹೆದರಿಕೊಂಡು ಬೆಳೆದ ಹುಡುಗಿ ಆಮೇಲೆ ದೇವರ ಜೊತೆ ಅಷ್ಟು ಸಲಿಗೆಯಿಂದ ಮಾತಾಡುವ ಹೆಂಗಸು ಹೇಗಾದಳು ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯ. ಅದಕ್ಕೆ ಕಾರಣ ಜಪಸರದ ಆ ಬಾಲ ಅಂತ ನನ್ನ ನಂಬಿಕೆ.

ಕ್ಯಾಥೊಲಿಕರಲ್ಲದವರಿಗಾಗಿ ಎರಡು ಮಾತು. ನಮ್ಮ ಮನೆಗಳಲ್ಲಿ ಸಂಜೆ ಎಲ್ಲರೂ ಕೂತು ಜಪಸರ ಹೇಳಬೇಕು. ಕೊಂಕಣಿಯಲ್ಲಿ ಅದು ತೇರ್ಸ್. ಏಸುವಿನ ಮತ್ತು ಮರಿಯಮ್ಮನ ಬದುಕಿನ ಐದು ಘಟನೆಗಳನ್ನು ನೆನೆಯುತ್ತಾ ಹೋಗೋದು, ಒಂದೊಂದಕ್ಕೂ ಒಂದು 'ಆಮ್ಚ್ಯಾ ಬಾಪಾ', ಹತ್ತು 'ನಮಾನ್ ಮೊರಿಯೆ'. ಮೊದಲನೆಯದು ತಂದೆ ದೇವರಿಗೆ ಹೇಳುವ ಪ್ರಾರ್ಥನೆ, ಎರಡನೆಯದು ಮರಿಯಮ್ಮನಿಗೆ. ಆ ಘಟನೆಗಳಿಗೆ ನಾವು ರಹಸ್ಯ ಅನ್ನುತ್ತೇವೆ. ಸೋಮವಾರ ಸಂತೋಷದ ರಹಸ್ಯ, ಮಂಗಳವಾರ ದುಃಖದ್ದು, ಬುಧವಾರ ಮಹಿಮೆಯದ್ದು, ಹೀಗೆ. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇದಕ್ಕೆ ಬೆಳಕಿನ ರಹಸ್ಯಗಳನ್ನು ಹೊಸದಾಗಿ ಸೇರಿಸಿದರು, ಗುರುವಾರಕ್ಕೆ. ಅಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ಬಾಯಿಪಾಠ ಆದ ವರಸೆಯನ್ನು ಆ ವಯಸ್ಸಲ್ಲಿ ಬದಲಾಯಿಸೋದು ಸುಲಭ ಅಲ್ಲ. ಚೀಟಿ ಬರೆಸಿಕೊಂಡು ಅಡುಗೆಮನೆಯ ಡಬ್ಬಿಗೆ ಅಂಟಿಸಿ, ಒಗ್ಗರಣೆ ಹಾಕುತ್ತಾ ಕಲಿತಳು.

ಐದು ರಹಸ್ಯ ಮುಗಿದು, ಮರಿಯಮ್ಮನ ಪ್ರಾರ್ಥನಾಮಾಲೆ ಮುಗಿದ ಮೇಲೆ ಲೆಕ್ಕಕ್ಕೆ ತೇರ್ಸ್ ಮುಗೀತು. ನಮ್ಮ ಮನೆಯಲ್ಲಿ ಮುಗೀತಿರಲಿಲ್ಲ. ಆಮೇಲೆ ಅಮ್ಮನ ಹೆಚ್ಚುವರಿ ಪ್ರಾರ್ಥನೆಗಳು ಶುರುವಾಗುತ್ತಿದ್ದವು, ಒಬ್ಬೊಬ್ಬರ ಹೆಸರಿಗೆ ಒಂದು 'ಆಮ್ಚ್ಯಾ ಬಾಪಾ', ಒಂದು 'ನಮಾನ್ ಮೊರಿಯೆ'. ಇದಕ್ಕೆ ನಾವು ಮಕ್ಕಳು ಇಟ್ಟ ಹೆಸರು ಬಾಲ. ಸಗಣಿ ಸಾರಿಸಿದ ನೆಲದ ಮೇಲೆ ಮೊಣಕಾಲೂರಿ ಕೂತಿರುತ್ತಿದ್ದೆವು. ಬುಡ್ಡಿದೀಪದ ಹೊಗೆ. ಒಲೆ ಮೇಲೆ ಗಂಜಿ ಕೊತಕೊತ ಅನ್ನುತ್ತಿರುತ್ತಿತ್ತು. ಅಣ್ಣ ನಿದ್ದೆಗೆ ಜೋಲಿ ಹೊಡೆದು ಗೋಡೆಗೆ ತಲೆ ಬಡಿಸಿಕೊಳ್ಳುತ್ತಿದ್ದ. ಅಮ್ಮ ಮಾತ್ರ ಕಣ್ಣು ಮುಚ್ಚಿ ಒಂದೇ ಸಮನೆ ಹೇಳುತ್ತಾ ಹೋಗುತ್ತಿದ್ದಳು. ಮೊದಲು ಸತ್ತವರು, ಆಮೇಲೆ ಕಾಯಿಲೆಯವರು, ಆಮೇಲೆ ಸಾಲದವರು, ಮಾತು ಬಿಟ್ಟುಕೊಂಡ ಅಣ್ಣತಮ್ಮಂದಿರು, ದಿನ ತುಂಬಿದ ಬಸುರಿಯರು, ಪರೀಕ್ಷೆ ಕಟ್ಟಿದ ಹುಡುಗರು, ಸಂತೆಗೆ ಹೋದವರು ಇನ್ನೂ ಬಂದಿಲ್ಲ ಅಂತ ಗೊತ್ತಿದ್ದರೆ ಅವರು. ಕೊನೆಯಲ್ಲಿ ಪೋಪರು. ಅದು ಮುಗಿದ ಮೇಲೆ ನಾವು ಒಬ್ಬೊಬ್ಬರಾಗಿ ಹೋಗಿ ಕೈ ಮುಗಿದು 'ಬೆಸಾಂವ್' ಕೇಳಬೇಕು, ಅಮ್ಮ ಹಣೆ ಮುಟ್ಟಿ ಆಶೀರ್ವಾದ ಮಾಡಬೇಕು, ಅಲ್ಲಿಗೆ ಊಟ.

ಚಿಕ್ಕವಳಿದ್ದಾಗ ಈ ಬಾಲ ಅಂದರೆ ನನಗೆ ಸಿಟ್ಟು, ಹಸಿವಾಗಿರುತ್ತಿತ್ತಲ್ಲ. ದೊಡ್ಡವಳಾದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಇಷ್ಟು ಜನರ ಸುದ್ದಿ ಅಮ್ಮನಿಗೆ ಸುಮ್ನೆ ಗೊತ್ತಾಗೋದಲ್ಲ. ಅವಳು ಕೇಳಿ ತಿಳಿದುಕೊಳ್ಳುತ್ತಿದ್ದಳು. ನೀರು ಸೇದುವಲ್ಲಿ, ಹಾಲಿನ ಡೈರಿ ಮುಂದೆ, ಬಸ್ ಕಾಯುವಲ್ಲಿ. ಚಾಡಿ ಮಾತಿಗೆ ಕಿವಿ ಕೊಡದ ಹೆಂಗಸು, ಆದರೆ ಯಾರ ಮನೆಯಲ್ಲಿ ಏನು ಕಷ್ಟ ಅಂತ ಅವಳಷ್ಟು ಸರಿಯಾಗಿ ಊರಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮತ್ತೆ, ರಾತ್ರಿ ಒಬ್ಬರ ಹೆಸರು ಹೇಳಿ ಮೊಣಕಾಲೂರಿದ ಮೇಲೆ ಬೆಳಿಗ್ಗೆ ಅವರ ಮನೆ ಮುಂದೆ ಸುಮ್ನೆ ಹಾದು ಹೋಗೋದು ಅವಳಿಂದ ಆಗುತ್ತಿರಲಿಲ್ಲ. ಬಾಣಂತಿ ಹೆಸರು ಬಾಲದಲ್ಲಿ ಬಂತು ಅಂದರೆ ಮಾರನೇ ದಿನ ನಮ್ಮ ಮನೆಯ ಮೊಟ್ಟೆ ಆ ಮನೆಗೆ. ಸಾಲದವರ ಹೆಸರು ಬಂದರೆ ಅಪ್ಪನಿಗೆ ಒಂದು ಮಾತು: "ಅವರಿಗೆ ಎಲ್ಲಾದರೂ ಕೆಲಸ ಇದ್ರೆ ನೋಡ್ರಿ." ಪ್ರಾರ್ಥನೆ ಮಾಡಿದರೆ ಸಾಕು ಅಂತ ಕೂರುವವರ ಬಗ್ಗೆ ಜನ ಬೇಸರ ಪಡೋದು ಸರಿಯೇ. ಆದರೆ ಅಮ್ಮನಿಗೆ ಪ್ರಾರ್ಥನೆ ಅಂದರೆ ನಾಳೆ ಬೆಳಿಗ್ಗೆಯ ಕೆಲಸದ ತಯಾರಿ. ನಾನು ಇಲ್ಲಿ ಒತ್ತಿ ಹೇಳಬೇಕು ಅಂದುಕೊಂಡ ಮಾತು ಇದೇ.

ಈಗ ಆ ಹಳ್ಳಿಯ ವಿಷಯ.

ನಮ್ಮ ಅಪ್ಪ ಹೊನ್ನಾವರದ ಕಡೆಯವರು. ಕಲ್ಲು ಕಟ್ಟುವ ಕೆಲಸ. ಹಿರೇಭಾಸ್ಕರ ಅಣೆಕಟ್ಟು, ಅಂದರೆ ಮಡೆನೂರು ಡ್ಯಾಮು, ಕಟ್ಟುವಾಗ ಹುಡುಗರಾಗಿ ಘಟ್ಟ ಹತ್ತಿ ಬಂದರು. ಜೋಗದಲ್ಲಿ ಕರೆಂಟು ಬಂದದ್ದು 1948ರಲ್ಲಿ, ಅದಕ್ಕೆ ನೀರು ನಿಲ್ಲಿಸಿದ್ದು ಆ ಡ್ಯಾಮು. ಅದೇ ಹೊತ್ತಿಗೆ ಅಮ್ಮನ ಜೊತೆ ಮದುವೆಯಾಯಿತು. ಆಮೇಲೆ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಶುರುವಾದಾಗ ಅಪ್ಪನಿಗೆ ಅಲ್ಲೂ ಕೆಲಸ ಸಿಕ್ಕಿತು. 1964ರಲ್ಲಿ ಲಿಂಗನಮಕ್ಕಿ ಮುಗಿದು ನೀರು ಏರಿದಾಗ ಅಪ್ಪ ಮೊದಲು ಕಟ್ಟಿದ ಅಣೆಕಟ್ಟೇ ಅದರೊಳಗೆ ಮುಳುಗಿತು. ಅಮ್ಮನ ತವರೂ ಮುಳುಗಿತು. ಸಾಗರ, ಹೊಸನಗರದ ಕಡೆಯ ಎಷ್ಟೋ ಹಳ್ಳಿ ಮುಳುಗಡೆಯಾಗಿ ಜನ ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಶಿವಮೊಗ್ಗದ ಸುತ್ತಮುತ್ತ ಬಂದು ಇಳಿದರು. ಈ ಸಭೆಯಲ್ಲೇ ಅಂಥ ಮನೆಗಳವರು ಇದ್ದೀರಿ, ನಿಮಗೆ ನಾನು ಹೇಳಬೇಕಾಗಿಲ್ಲ. ಅಮ್ಮನ ತವರಿನವರ ಹತ್ತಿರ ಗೇಣಿಗೆ ಕಾಗದ ಇರಲಿಲ್ಲ. ಅವರು ದಿಕ್ಕಿಗೊಬ್ಬರಾದರು.

ಯೋಚಿಸಿ ನೋಡಿ. ಗಂಡ ಅಣೆಕಟ್ಟಿಗೆ ಕಲ್ಲು ಇಡುತ್ತಿದ್ದಾನೆ, ಆ ಕೂಲಿಯಲ್ಲಿ ಮಕ್ಕಳು ಉಣ್ಣುತ್ತಿದ್ದಾರೆ, ಆ ಅಣೆಕಟ್ಟು ತನ್ನ ಅಪ್ಪನ ಮನೆ ಮುಳುಗಿಸುತ್ತದೆ ಅಂತ ಹೆಂಡತಿಗೆ ಗೊತ್ತಿದೆ. ಅವರಿಬ್ಬರೂ ಇದರ ಬಗ್ಗೆ ಜಗಳ ಆಡಿದ್ದನ್ನು ಮನೆಯಲ್ಲಿ ಯಾರೂ ಕೇಳಿಲ್ಲ. ಊರ ಪಕ್ಕದ ದಿಬ್ಬದಲ್ಲಿ ಒಂದಷ್ಟು ಸಮಾಧಿಗಳಿದ್ದವು, ಅಮ್ಮನ ಅಜ್ಜ ಅಜ್ಜಿಯದು, ಹುಟ್ಟಿದ ವಾರಕ್ಕೇ ಹೋದ ಒಬ್ಬ ತಮ್ಮನದು. ಮರದ ಶಿಲುಬೆ. ನವೆಂಬರ್ 2ಕ್ಕೆ, ಸತ್ತವರೆಲ್ಲರ ನೆನಪಿನ ದಿನ, ನಾವು ಸಮಾಧಿ ಸ್ವಚ್ಛ ಮಾಡಿ ಹೂವಿಟ್ಟು ಮೊಂಬತ್ತಿ ಹಚ್ಚುತ್ತೇವೆ. ಅಮ್ಮನಿಗೆ ಹಚ್ಚೋಕೆ ಜಾಗ ಉಳಿಯಲಿಲ್ಲ. ಆ ವರ್ಷದಿಂದ ಬಾಲದಲ್ಲಿ ಒಂದು ಹೊಸ ಸಾಲು ಸೇರಿತು: "ನೀರೊಳಗೆ ಇರುವವರಿಗೆ." ಅದರ ಪಕ್ಕದಲ್ಲೇ ಇನ್ನೊಂದು ಸಾಲು: "ಡ್ಯಾಮಿನ ಕೆಲಸದಲ್ಲಿ ಸತ್ತವರಿಗೆ." ಅಪ್ಪನ ಜೊತೆ ಕೆಲಸ ಮಾಡುವಾಗ ಕಲ್ಲು ಬಿದ್ದು ಸತ್ತವರೂ ಇದ್ದರಲ್ಲ. ಎರಡೂ ಸಾಲನ್ನು ಒಂದರ ಹಿಂದೆ ಒಂದು ಹೇಳುತ್ತಿದ್ದಳು, ದಿನಾ, ಅಪ್ಪ ಪಕ್ಕದಲ್ಲಿ ಮೊಣಕಾಲೂರಿ ಕೂತಿರುವಾಗಲೇ. ಗಂಡ ಹೆಂಡಿರ ನಡುವೆ ಆಡಬೇಕಾದ ಮಾತು ಅಲ್ಲಿ ಆಗಿಹೋಗುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಮಡೆನೂರು ಡ್ಯಾಮು ಮೇಲೆ ಕಾಣುತ್ತದೆ, ಜನ ನೋಡೋಕೆ ಹೋಗುತ್ತಾರೆ. ಒಂದು ಸಲ ಅಣ್ಣ ಅಮ್ಮನನ್ನು ಕರೆದುಕೊಂಡು ಹೋದ. ಅವಳು ಡ್ಯಾಮನ್ನು ನೋಡಲಿಲ್ಲ. ಕೈ ಅಡ್ಡ ಹಿಡಿದು ದೂರದ ನೀರನ್ನೇ ನೋಡಿ, ಯಾವ ಗುಡ್ಡದ ಎಡಕ್ಕೆ ದಿಬ್ಬ ಇತ್ತು ಅಂತ ಲೆಕ್ಕ ಹಾಕಿ, "ಅಲ್ಲಿ" ಅಂತ ಬೆರಳು ಮಾಡಿ, ನಿಂತಲ್ಲೇ ಪ್ರಾರ್ಥನೆ ಹೇಳಿ ಮುಗಿಸಿದಳು.

ಬಾಲದಲ್ಲಿ ಇದ್ದವರೆಲ್ಲ ಕ್ಯಾಥೊಲಿಕರಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಅರ್ಧಕ್ಕಿಂತ ಜಾಸ್ತಿ ಜನ ಬೇರೆಯವರು. ನಮ್ಮ ಅಕ್ಕಪಕ್ಕ ದೀವರ ಮನೆಗಳು, ಸ್ವಲ್ಪ ಆಚೆ ಹವ್ಯಕರ ತೋಟ, ಕೆಳಗೆ ಬ್ಯಾರಿಗಳ ಒಂದು ಅಂಗಡಿ. ಅಮ್ಮ ಎಲ್ಲರಿಗೂ ಬಾಯಮ್ಮ. ದನ ಕಳೆದುಹೋದರೆ ಜನ ತಮ್ಮ ದೇವರಿಗೆ ಹೇಳಿಕೊಂಡು ಆಮೇಲೆ ನಮ್ಮ ಮನೆಗೂ ಬರುತ್ತಿದ್ದರು. "ಬಾಯಮ್ಮಾ, ನಿಮ್ಮ ಅಂತೋನಪ್ಪಂಗೂ ಒಂದು ಮಾತು ಹೇಳಿ." ಕಳೆದ ವಸ್ತು ಹುಡುಕಿಕೊಡುವ ಸಂತ ಅಂತೋಣಿ ಅಂತ ನಮ್ಮಲ್ಲಿ ನಂಬಿಕೆ. ಅಮ್ಮ ಪ್ರಾರ್ಥನೆಯಲ್ಲಿ ದನದ ಬಣ್ಣ, ಕೊಂಬಿನ ಆಕಾರ ಎಲ್ಲ ಬಿಡಿಸಿ ಹೇಳುತ್ತಿದ್ದಳು, ಸಂತರಿಗೆ ಗುರುತು ಸಿಗಬೇಕಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳೋಕೆ ಶುರುವಾಯಿತು, ಆಮೇಲೆ ಜನ. ಮಂಗನ ಕಾಯಿಲೆ. ಕಾಡಿನ ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಬರುವ ಜ್ವರ ಅದು, ದರಕು, ಅಂದರೆ ಒಣಗಿದ ಎಲೆ, ತರೋಕೆ, ಸೌದೆ ತರೋಕೆ ಹೋಗುವವರಿಗೇ ಮೊದಲು ಹಿಡಿಯುತ್ತದೆ. ಆಗ ಅಮ್ಮನ ಜೊತೆ ದರಕಿಗೆ ಹೋಗುತ್ತಿದ್ದ ಪಕ್ಕದ ಮನೆಯ ಹೆಂಗಸು ಹೋದಳು. ಅವಳ ಹೆಸರು ಅರವತ್ತಕ್ಕೂ ಹೆಚ್ಚು ವರ್ಷ ಬಾಲದಲ್ಲಿ ಇತ್ತು. 2019ರ ಸುಮಾರಿಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದೇ ಕಾಯಿಲೆಗೆ ಜನ ಸತ್ತಾಗ ಅಮ್ಮನಿಗೆ ತೊಂಬತ್ತು. ಟಿವಿಯಲ್ಲಿ ಸುದ್ದಿ ಕೇಳಿ ಆ ರಾತ್ರಿ ಗೆಳತಿಯ ಹೆಸರಿನ ಹಿಂದೆಯೇ ಅರಳಗೋಡಿನವರನ್ನೂ ಸೇರಿಸಿದಳು. ನಮಗೆಲ್ಲ ಅವೆರಡು ಬೇರೆ ಬೇರೆ ಸುದ್ದಿ. ಅವಳಿಗೆ ಒಂದೇ ಕಾಯಿಲೆ, ಇನ್ನೂ ಮುಗಿಯದ್ದು. ಅಷ್ಟು ವರ್ಷ ಆದರೂ ಬಡವರು ಇದಕ್ಕೆ ಸಾಯ್ತಾನೇ ಇದ್ದಾರಲ್ಲ ಅಂತ ಅವಳಿಗೆ ಬಂದ ಸಿಟ್ಟು ನನಗೆ ನೆನಪಿದೆ.

ಇಷ್ಟು ಹೇಳಿ ಅಮ್ಮನನ್ನು ಸಂತಳನ್ನಾಗಿ ಮಾಡಿ ಕೂರಿಸೋಕೆ ನನಗೆ ಇಷ್ಟ ಇಲ್ಲ. ಅಕ್ಕನ ವಿಷಯ ಹೇಳಲೇಬೇಕು, ಅಕ್ಕನೇ ಹೇಳು ಅಂದಿದ್ದಾಳೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅಕ್ಕ ಒಬ್ಬ ಹಿಂದೂ ಹುಡುಗನನ್ನು ರಿಜಿಸ್ಟರ್ ಆಫೀಸಿನಲ್ಲಿ ಮದುವೆಯಾದಳು. ಅಮ್ಮ ಹೋಗಲಿಲ್ಲ. ಹೋಗದಿದ್ದದ್ದು ಮಾತ್ರ ಅಲ್ಲ, ಕೆಲವು ವರ್ಷ ಮಾತೂ ಇಲ್ಲ, ಕಾಗದವೂ ಇಲ್ಲ. ಅಕ್ಕ ಬರೆದದ್ದನ್ನು ಓದಿಸಿಕೊಂಡು ಸುಮ್ಮನೆ ಮಡಚಿ ಇಡುತ್ತಿದ್ದಳು. ಆದರೆ ದಿನಾ ರಾತ್ರಿ ಬಾಲದಲ್ಲಿ ಅಕ್ಕನ ಹೆಸರು ಮೊದಲು. ಅಣ್ಣ ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟ, ದೇವರ ಹತ್ತಿರ ಅವಳ ಹೆಸರು ಹೇಳ್ತೀಯ, ಅವಳ ಹತ್ತಿರ ಮಾತಾಡಲ್ವಾ ಅಂತ. ಅಮ್ಮ ಎದ್ದು ಒಳಗೆ ಹೋದಳು, ಆವತ್ತು ಬಾಲ ಅರ್ಧಕ್ಕೇ ನಿಂತಿತು.

ಆ ವರ್ಷಗಳಲ್ಲಿ ಅಮ್ಮ ಮಾಡಿದ್ದು ತಪ್ಪು. ಅವಳ ಪ್ರಾರ್ಥನೆ ಅಕ್ಕನನ್ನು ಮುಟ್ಟಲಿಲ್ಲ. ಅಕ್ಕನ ಮೊದಲ ಹೆರಿಗೆ ಅಮ್ಮ ಇಲ್ಲದೆ ಆಯಿತು. ಎಲ್ಲರಿಗೂ ಮೊಟ್ಟೆ ಕೊಟ್ಟು ಬರುವ ಹೆಂಗಸು ತನ್ನ ಮಗಳ ಬಾಣಂತನಕ್ಕೆ ಹೋಗಲಿಲ್ಲ. ಇದರಲ್ಲಿ ಧರ್ಮದ ಕಟ್ಟಳೆಗಿಂತ ಜನ ಏನಂತಾರೋ ಅನ್ನುವ ಹೆದರಿಕೆ ಜಾಸ್ತಿ ಇತ್ತು. ಯಾಕೆಂದರೆ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಅನುಮತಿ ಪಡೆದು ಬೇರೆ ಧರ್ಮದವರನ್ನು ಮದುವೆಯಾಗೋಕೆ ನಮ್ಮ ಧರ್ಮಸಭೆಯಲ್ಲಿ ದಾರಿ ಇದ್ದೇ ಇದೆ. 1970ರಲ್ಲಿ ಪೋಪ್ ಆರನೇ ಪೌಲರು ಅಂಥ ಮದುವೆಗಳ ನಿಯಮವನ್ನು ಇನ್ನಷ್ಟು ಸಡಿಲ ಮಾಡಿದ್ದರು. ಇದನ್ನು ಅಮ್ಮನಿಗೆ ಬಿಡಿಸಿ ಹೇಳಿದ್ದು ಊರಿಗೆ ಹೊಸದಾಗಿ ಬಂದ ಒಬ್ಬ ಫಾದರ್. ಅವರು ಹೇಳಿದ ವಾರವೇ ಅಮ್ಮ ಪತ್ರೊಡೆ ಮಾಡಿ ಸ್ಟೀಲ್ ಡಬ್ಬಿಗೆ ತುಂಬಿ, ಒಬ್ಬಳೇ ಬಸ್ ಹತ್ತಿ, ಶಿವಮೊಗ್ಗದಲ್ಲಿ ಬಸ್ ಬದಲಾಯಿಸಿ ಭದ್ರಾವತಿಗೆ ಹೋದಳು. ಭಾವ ಬಾಗಿಲು ತೆಗೆದರಂತೆ. ಅಮ್ಮ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು, ಮಗುವಿನ ಹೆಸರನ್ನು ಎರಡು ಸಲ ಕೇಳಿ ಕಲಿತುಕೊಂಡಳು. ಆ ರಾತ್ರಿಯಿಂದ ಬಾಲಕ್ಕೆ ಇನ್ನೆರಡು ಹೆಸರು.

ಆಮೇಲೆ ಜನವರಿಯಲ್ಲಿ ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಹಬ್ಬಕ್ಕೆ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದದ್ದು ಇದೇ ಭಾವ. ಆಗುಂಬೆ ಘಾಟಿಯ ತಿರುವುಗಳಲ್ಲಿ ಅಮ್ಮನಿಗೆ ಹೊಟ್ಟೆ ತೊಳಸುತ್ತಿತ್ತು, ಭಾವ ನಿಂಬೆಹಣ್ಣು ಹಿಡಿದುಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ಅತ್ತೂರಿಗೆ ಎಲ್ಲ ಜಾತಿ ಧರ್ಮದವರು ಬಂದು ಮೊಂಬತ್ತಿ ಹಚ್ಚುತ್ತಾರೆ, ಅಲ್ಲಿ ಯಾರು ಯಾರು ಅಂತ ಯಾರೂ ನೋಡೋದಿಲ್ಲ. 2016ರಲ್ಲಿ ಅದಕ್ಕೆ ಬೆಸಿಲಿಕಾ ಅನ್ನುವ ಗೌರವ ಸಿಕ್ಕಾಗ ಅಮ್ಮನಿಗಿಂತ ಮೊದಲು ಆ ಸುದ್ದಿ ಓದಿ ಫೋನ್ ಮಾಡಿದ್ದೂ ಭಾವನೇ.

ಉದ್ದನೆಯ ಬದುಕಲ್ಲವಾ, ಅವಳು ಮನೆಯಲ್ಲೇ ಇದ್ದಳು, ಸುತ್ತ ಎಲ್ಲ ಬದಲಾಗುತ್ತಾ ಹೋಯಿತು. ಹುಟ್ಟಿದಾಗ ನಮ್ಮ ಭಾಗ ಮೈಸೂರು ಧರ್ಮಪ್ರಾಂತ್ಯದಲ್ಲಿತ್ತು, ಅಂದರೆ ಅಲ್ಲಿನ ಬಿಷಪ್ಪರ ಆಡಳಿತದಲ್ಲಿ. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಆಯಿತು, 1988ರಲ್ಲಿ ಶಿವಮೊಗ್ಗ. ಪೂಜೆ ಲ್ಯಾಟಿನ್‌ನಲ್ಲಿತ್ತು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಕನ್ನಡಕ್ಕೆ ಬಂತು, ಗುರುಗಳು ಜನರ ಕಡೆ ಮುಖ ಮಾಡಿ ಪೂಜೆ ಮಾಡತೊಡಗಿದರು. ಹಳಬರು ಕೆಲವರಿಗೆ ಇದು ಸೇರಲಿಲ್ಲ. ಅಮ್ಮನಿಗೆ ಬಹಳ ಖುಷಿ. "ಇಷ್ಟು ವರ್ಷ ಏನು ಹೇಳ್ತಿದ್ರು ಅಂತ ಈಗ ಗೊತ್ತಾಯ್ತು" ಅಂದಳಂತೆ. ಹನ್ನೊಂದನೇ ಪಯಸ್‌ರಿಂದ ಫ್ರಾನ್ಸಿಸ್‌ವರೆಗೆ ಎಂಟು ಜನ ಪೋಪರ ಕಾಲ ಕಂಡಳು. 1978ರಲ್ಲಿ ಬಾಲದ ಕೊನೆಯ ಸಾಲು ಎರಡು ಸಲ ಬದಲಾಯಿತು. ಆರನೇ ಪೌಲರು ತೀರಿಕೊಂಡು ಒಂದನೇ ಜಾನ್ ಪಾಲ್ ಬಂದರು. ಆ ಹೆಸರು ಬಾಯಿಗೆ ಕೂರುವಷ್ಟರಲ್ಲಿ, 33 ದಿನಕ್ಕೆ, ಅವರೂ ಹೋದರು. ರೇಡಿಯೋದಲ್ಲಿ ಕೇಳಿ ಅಮ್ಮ ಅತ್ತಿದ್ದು ನಾನು ನೋಡಿದ್ದೇನೆ.

ತೆನೆ ಹಬ್ಬದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಅಮ್ಮನನ್ನು ನೆನೆದರೆ ನನಗೆ ಮೊದಲು ಕಣ್ಣಿಗೆ ಬರೋದು ಅದೇ. ಸೆಪ್ಟೆಂಬರ್ 8 ಮರಿಯಮ್ಮ ಹುಟ್ಟಿದ ದಿನ, ನಮಗೆ ಹೊಸ ಅಕ್ಕಿಯ ಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಂದು ಮರಿಯಮ್ಮನಿಗೆ ಹಾಕಬೇಕು. ಹಬ್ಬದ ದಿನ ಇಗರ್ಜಿಯಲ್ಲಿ ತೆನೆ ಆಶೀರ್ವಾದ ಮಾಡಿ ಮನೆಗೊಂದರಂತೆ ಕೊಡುತ್ತಾರೆ. ಆದರೆ ಘಟ್ಟದ ಮೇಲೆ ಸೆಪ್ಟೆಂಬರಿಗೆ ಭತ್ತ ಎಲ್ಲಿ ಬಲಿಯುತ್ತದೆ? ಕೆಳಗೆ ಕರಾವಳಿಯಲ್ಲಿ ಮೊದಲ ಬೆಳೆ ಕೊಯ್ಲಿಗೆ ಬಂದಿರುತ್ತದೆ, ನಮ್ಮಲ್ಲಿ ಇನ್ನೂ ಹಸಿರು. ಅದಕ್ಕೆ ಅಪ್ಪನ ಊರು ಹೊನ್ನಾವರದಿಂದ ಯಾರಾದರೂ ತೆನೆ ತರುತ್ತಿದ್ದರು. ಅಮ್ಮ ತೆನೆಯಿಂದ ಒಂದೊಂದೇ ಕಾಳು ಬಿಡಿಸಿ, ಉಗುರಿನಲ್ಲಿ ಸಿಪ್ಪೆ ತೆಗೆದು, ಒಳಕಲ್ಲಿನಲ್ಲಿ ನುಣ್ಣಗೆ ಅರೆದು, ಕಾಯಿಹಾಲು ಬೆಲ್ಲಕ್ಕೆ ಸೇರಿಸುತ್ತಿದ್ದಳು. ಮೊದಲು ಅಪ್ಪನಿಗೆ, ಆಮೇಲೆ ದೊಡ್ಡವರಿಂದ ಚಿಕ್ಕವರಿಗೆ. ಆವತ್ತು ಊಟಕ್ಕೆ ಮೀನು ಮಾಂಸ ಇಲ್ಲ, ತರಕಾರಿ ಮಾತ್ರ. ಬಾಳೆ ಎಲೆ ಮೇಲೆ ಕೆಸುವಿನ ದಂಟು, ಹೀರೇಕಾಯಿ, ಬೆಂಡೆಕಾಯಿ. ಊರಲ್ಲಿ ಇಲ್ಲದವರಿಗೆ ಒಂದು ಚಿಟಿಕೆ ಅಕ್ಕಿ ಹಿಟ್ಟನ್ನು ಕಾಗದದಲ್ಲಿ ಮಡಚಿ ಅಂಚೆಯಲ್ಲಿ ಕಳಿಸುತ್ತಿದ್ದಳು. ಚಿಕ್ಕಪ್ಪ ಕುವೈತಿನಲ್ಲಿದ್ದಾಗ ಹೀಗೆ ಕಳಿಸಿದ್ದು ಹಬ್ಬ ಮುಗಿದು ವಾರಗಳ ಮೇಲೆ ತಲುಪುತ್ತಿತ್ತು, ಅವರು ಅದನ್ನು ಚಹಾಕ್ಕೆ ಹಾಕಿ ಕುಡಿದೆ ಅಂತ ಬರೆಯುತ್ತಿದ್ದರು. ಮಾತು ಬಿಟ್ಟಿದ್ದ ವರ್ಷಗಳಲ್ಲೂ ಅಮ್ಮ ಅಕ್ಕನ ಪಾಲಿನ ಪೊಟ್ಟಣ ಕಟ್ಟುತ್ತಿದ್ದಳು, ಕಳಿಸುತ್ತಿರಲಿಲ್ಲ. ಭದ್ರಾವತಿಗೆ ಹೋದ ದಿನ ಪತ್ರೊಡೆ ಡಬ್ಬಿಯ ಜೊತೆ ಆ ಪೊಟ್ಟಣಗಳೆಲ್ಲ ಚೀಲದಲ್ಲಿದ್ದವು.

ಕೊನೆಯ ವರ್ಷಗಳಲ್ಲಿ ಅಮ್ಮ ಶಿವಮೊಗ್ಗದಲ್ಲಿ ನನ್ನ ಜೊತೆ ಇದ್ದಳು. ಪವಿತ್ರ ಹೃದಯ ದೇವಾಲಯ ನಿಮಗೆಲ್ಲ ಗೊತ್ತು, ಬಿ.ಎಚ್. ರಸ್ತೆಯದು. ಅಷ್ಟು ದೊಡ್ಡ ಇಗರ್ಜಿಯಲ್ಲಿ ತನಗೆ ಯಾರ ಹೆಸರೂ ಗೊತ್ತಿಲ್ಲ ಅಂತ ಅವಳಿಗೆ ಮೊದಮೊದಲು ಕಸಿವಿಸಿ. ಪಕ್ಕದಲ್ಲಿ ಕೂತವರನ್ನು ಪೂಜೆ ಮುಗಿದ ತಕ್ಷಣ ಮಾತಾಡಿಸೋಕೆ ಶುರು ಮಾಡಿದಳು. 2020ರಲ್ಲಿ ಎಲ್ಲ ಬಂದಾದಾಗ ಮೊಬೈಲಿನಲ್ಲಿ ಪೂಜೆ. ತಲೆ ಮೇಲೆ ಸೆರಗು ಹಾಕಿಕೊಂಡೇ ಕೂರುತ್ತಿದ್ದಳು, ಶುಭಸಂದೇಶ ಓದುವಾಗ ಕುರ್ಚಿ ಹಿಡಿದು ಎದ್ದು ನಿಲ್ಲುತ್ತಿದ್ದಳು. ಆ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ಮಳೆಯಲ್ಲಿ ಒಬ್ಬರೇ, ಜನರೇ ಇಲ್ಲದ ಸಂತ ಪೇತ್ರರ ಚೌಕದಲ್ಲಿ ಪ್ರಾರ್ಥನೆ ಮಾಡಿದರಲ್ಲ, ಅದನ್ನು ತೋರಿಸಿದೆ. ತುಂಬಾ ಹೊತ್ತು ನೋಡಿ, "ಅವರಿಗೆ ಕೊಡೆ ಹಿಡಿಯೋರು ಯಾರೂ ಇಲ್ವಾ?" ಅಂದಳು. ಆ ರಾತ್ರಿ ಪೋಪರ ಸಾಲನ್ನು ಕೊನೆಯಿಂದ ಎತ್ತಿ ಕಾಯಿಲೆಯವರ ಜೊತೆ ಇಟ್ಟಳು.

ಆಗಲೇ ನಾನು ಬಾಲವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದ್ದು. ಮರೆವು ಶುರುವಾಗಿತ್ತು, ನನ್ನ ಹೆಸರೇ ಒಮ್ಮೊಮ್ಮೆ ತಪ್ಪುತ್ತಿತ್ತು, ಆದರೆ ಬಾಲ ಶುರುವಾದರೆ ಒಂದು ಹೆಸರೂ ತಪ್ಪುತ್ತಿರಲಿಲ್ಲ. ಇಗರ್ಜಿಯ ರಿಜಿಸ್ಟರಿನಲ್ಲಿ ಜ್ಞಾನಸ್ನಾನ, ಮದುವೆ, ಸಾವು ಎಲ್ಲ ಬರೆದಿರುತ್ತಾರೆ, ನಮ್ಮ ಹಳೆಯ ಕುಟುಂಬಗಳ ಚರಿತ್ರೆಗೆ ಅದೇ ಆಧಾರ. ಆದರೆ ಯಾರಿಗೆ ಯಾವಾಗ ಊಟಕ್ಕಿರಲಿಲ್ಲ, ಯಾರು ಯಾರ ಜೊತೆ ಮಾತು ಬಿಟ್ಟರು, ಯಾವ ಹಳ್ಳಿಯ ಯಾವ ಮಗು ಜ್ವರಕ್ಕೆ ಹೋಯಿತು, ಅದು ಅಲ್ಲಿ ಸಿಗೋದಿಲ್ಲ. ನಮ್ಮ ತಾಯಂದಿರ ಪ್ರಾರ್ಥನೆಯಲ್ಲಿ ಇರುತ್ತದೆ. ನಿಮ್ಮ ಮನೆಯಲ್ಲಿ ವಯಸ್ಸಾದವರು ಇದ್ದರೆ, ಯಾವ ಧರ್ಮದವರೇ ಆಗಲಿ, ದೇವರ ಮುಂದೆ ಯಾರ್ಯಾರ ಹೆಸರು ಹೇಳ್ತೀರಿ ಅಂತ ಕೇಳಿ ಬರೆದುಕೊಳ್ಳಿ. ಈ ವರ್ಷವೇ ಬರೆದುಕೊಳ್ಳಿ.

ಅಮ್ಮ ತೀರಿಕೊಂಡದ್ದು 2023ರಲ್ಲಿ, ಮಳೆಗಾಲದಲ್ಲಿ. ಫಾದರ್ ಬಂದು ಎಣ್ಣೆ ಹಚ್ಚಿ ಅಭ್ಯಂಗ ಸಂಸ್ಕಾರ ಕೊಟ್ಟಿದ್ದರು. ಅಪ್ಪನ ಪಕ್ಕದಲ್ಲೇ ಮಣ್ಣಾಯಿತು. ಭಾವ ಹೆಗಲು ಕೊಟ್ಟರು.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: ಅಷ್ಟು ಪ್ರಾರ್ಥನೆಯಿಂದ ಆ ಜನರಿಗೆ ಒಳ್ಳೆಯದಾಯಿತಾ? ಕೆಲವರಿಗೆ ಆಯಿತು, ಕೆಲವರಿಗೆ ಆಗಲಿಲ್ಲ. ಸಾಲ ತೀರಿಸಲಾಗದೆ ಊರು ಬಿಟ್ಟವರಿದ್ದಾರೆ. ಅಮ್ಮ ಯಾವತ್ತೂ ಫಲದ ಲೆಕ್ಕ ಹಾಕಿದವಳಲ್ಲ, ಹಾಗಾಗಿ ನಾನೂ ಹಾಕಲಾರೆ. ಆದರೆ ಆ ಜನ ಕಷ್ಟದಲ್ಲಿದ್ದಾಗ ಕನಿಷ್ಠ ಒಂದು ಮನೆಗೆ ಅದು ಗೊತ್ತಿತ್ತು, ಆ ಮನೆಯಿಂದ ಯಾರೋ ಒಬ್ಬರು ಬಂದು ಬಾಗಿಲು ತಟ್ಟಿದರು. ಇಷ್ಟನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಬ್ಬರು ನೋಟ್‌ಬುಕ್ಕನ್ನು ಅಚ್ಚು ಮಾಡಿಸಿ ಅಂದರು. ಅಣ್ಣ ಬೇಡ ಅನ್ನುತ್ತಾನೆ. ಸಾಲ, ಜಗಳ, ಮನೆಯೊಳಗಿನ ಕಷ್ಟ, ಅವನ್ನು ಅಮ್ಮನಿಗೆ ನಂಬಿ ಹೇಳಿದ್ದು, ಊರಿಗೆ ಹೇಳಿದ್ದಲ್ಲ ಅನ್ನುತ್ತಾನೆ. ಅವನ ಮಾತು ಸರಿ ಇದೆ. ಆ ಹಾಳೆಗಳು ಮನೆಯಲ್ಲೇ ಇರುತ್ತವೆ. ಮುಳುಗಡೆಯ ಕಡೆಯ ಸತ್ತವರ ಹೆಸರುಗಳನ್ನು ಮಾತ್ರ ಬೇರೆ ತೆಗೆದು ಟೈಪ್ ಮಾಡಿಸುತ್ತಿದ್ದೇನೆ, ಅವರವರ ಮನೆಯವರಿಗೆ ತಲುಪಿಸೋಕೆ. ಅದರಲ್ಲಿ ಕೆಲವು ಯಾರದು ಅಂತ ನಮಗೆ ಗೊತ್ತಾಗುತ್ತಿಲ್ಲ. "ಬಿಳಿ ಕೊಡೆಯ ಮಾಸ್ತರರು." "ಹೊಳೆ ಆಚೆಯ ಸುಬ್ಬಿ ಮತ್ತು ಅವಳ ಕೂಸು." "ತುಮರಿ ದಾರಿಯಲ್ಲಿ ಹೋದ ಅಣ್ಣ ತಮ್ಮ." ಕರೂರು, ಬಾರಂಗಿ ಹೋಬಳಿ ಕಡೆಯಿಂದ ಬಂದ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಅಜ್ಜಿ ಅಜ್ಜಂದಿರು ಇನ್ನೂ ಇದ್ದರೆ, ಈ ಮೂರು ಸಾಲನ್ನು ದಯವಿಟ್ಟು ಅವರಿಗೆ ಓದಿ ಹೇಳಿ.